ಅನ್ವಯಿಸದ್ದನ್ನು ಹೊಡೆದುಹಾಕಿ

ಹಾಸನದ ಆರ್‌ಟಿಓ ಆಫೀಸಿನ ಎದುರು
ಜೆರಾಕ್ಸ್ ಅಂಗಡಿಯವಳು ಐದು ರೂಪಾಯಿಗೆ ಕೊಡುತ್ತಾಳೆ
ನನ್ನ ಮೈಯ ಬಗ್ಗೆ ಒಂದು ಹಾಳೆ.
ಹೆಸರು: ಕೆಂಪರಾಜು. ತಂದೆ: ದಿವಂಗತ ಲಕ್ಕಯ್ಯ.
ಗುರುತು: ಎಡ ಹುಬ್ಬಿನ ಮೇಲೆ ಗಾಯದ ಗೆರೆ.
ಹೇಗಾಯಿತೆಂದು ಹಾಳೆ ಕೇಳುವುದಿಲ್ಲ.

ಮೂರ್ಛೆ, ತಲೆಸುತ್ತು, ಇದ್ದಕ್ಕಿದ್ದಂತೆ ಎಚ್ಚರ ತಪ್ಪುವುದು
ಇದೆಯೇ? ಹೌದು / ಇಲ್ಲ.
ಅನ್ವಯಿಸದ್ದನ್ನು ಹೊಡೆದುಹಾಕಿ.

ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದು
ನಾನು ಕಲಿತ ಮಾತೇ ಅದು.
ಚೆಕ್‌ಪೋಸ್ಟಿನಲ್ಲಿ, ಓವರ್‌ಲೋಡಾ? ಇಲ್ಲ ಸಾರ್.
ಫೋನಿನಲ್ಲಿ ಸಾಹುಕಾರ್ರು, ಮಲಗಿದ್ಯೇನೋ? ಇಲ್ಲಣ್ಣ.
ಊಟ ಆಯ್ತಾ ಅಂತ ಜಲಜ ಕೇಳಿದರೆ ಮಾತ್ರ
ಆಯ್ತು ಅಂದಿದ್ದೇನೆ,
ಆಗದಿದ್ದಾಗಲೂ.

ಮಾತ್ರೆ ಇರುವುದು ಸುಣ್ಣದ ಡಬ್ಬಿಯಲ್ಲಿ.
ಹೆಸರು ಕಾಣದ ಹಾಗೆ
ಒಂದೊಂದೇ ಕತ್ತರಿಸಿ ತುಂಬಿದವಳು ಅವಳೇ.
ಚೀಟಿ ಇರುವುದು ಮಾವನ ಹೆಸರಿನಲ್ಲಿ.
ಮಾವ ಸತ್ತು ವರ್ಷ ಕಳೆಯಿತು,
ಔಷಧಿ ಮಾತ್ರ ತಪ್ಪಿಸಿಲ್ಲ.

ಬೆಳಿಗ್ಗೆ ಒಂದು, ರಾತ್ರಿ ಒಂದು.
ರಾತ್ರಿಯದು ಕಣ್ಣಿಗೆ ಮರಳು ಸುರಿಯುತ್ತದೆ.
ಲೋಡು ಇದ್ದ ದಿನ ಬಿಡುತ್ತೇನೆ.
ಬಿಟ್ಟರೆ ಭಯ, ನುಂಗಿದರೆ ನಿದ್ದೆ;
ಎರಡರ ನಡುವೆ ಉಳಿದಷ್ಟು ರಸ್ತೆಯ ಮೇಲೆ
ಆಲೂರಿನಿಂದ ಹೊರಟ ಹದಿನಾರು ಟನ್ ಶುಂಠಿ.

ದೋಣಿಗಾಲ್ ದಾಟಿ, ಇಳಿಜಾರಿನಲ್ಲಿ,
ಎದುರಿಗೊಂದು ಟ್ಯಾಂಕರ್ ಬರುತ್ತಿತ್ತು.
ಆಮೇಲೆ ಅದು ಕನ್ನಡಿಯಲ್ಲಿತ್ತು.
ನಡುವಿನದನ್ನು ನನಗೆ ಯಾರೂ ಕೊಟ್ಟಿಲ್ಲ.
ಕೈ ಸ್ಟೇರಿಂಗ್ ಮೇಲೇ ಇತ್ತು,
ಕೈಯೊಳಗೆ ನಾನಿರಲಿಲ್ಲ.
ಬಾಯಲ್ಲಿ ತುಕ್ಕು ನೆಕ್ಕಿದ ರುಚಿ.
ಎಡಗಡೆ ಸೀಟಿನಲ್ಲಿ ಇದಾಯತ್, ಹತ್ತೊಂಬತ್ತರ ಹುಡುಗ,
ಗಾಜಿಗೆ ಹಣೆ ಒತ್ತಿಕೊಂಡು ಮಲಗಿದ್ದವನು
ಕಣ್ಣುಜ್ಜಿ ಕೇಳಿದ, ಅಣ್ಣಾ, ಮಾರನಹಳ್ಳಿ ಬಂತಾ?
ಬಂತು ಕಣೋ, ಅಂದೆ.
ಅದು ಬಂದಿತ್ತು.
ನಾನು ಬಂದದ್ದು ಸ್ವಲ್ಪ ತಡವಾಗಿ.

ಸಾಲಗಾಮೆ ರಸ್ತೆ, ಟೈರ್ ಅಂಗಡಿಯ ಮೇಲೆ ಡಾಕ್ಟರು.
ಮುನ್ನೂರು ರೂಪಾಯಿ. ತಲೆ ಎತ್ತದೆ ಕೇಳಿದರು:
ಆ ಕ್ಯಾಲೆಂಡರ್ ಯಾವ ಬಣ್ಣ?
ಹಸಿರು ಅಂದೆ. ಅಂದವನೇ ಯಾಕೋ
ಸುಣ್ಣದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ.
ಮುಚ್ಚಳ ತೆಗೆದದ್ದೂ ನಾನೇ.

ಹೆಸರಿಲ್ಲದಿದ್ದರೂ ಅವರಿಗೆ ಗುರುತು ಸಿಕ್ಕಿತು.
ಪೆನ್ನು ಮಾತ್ರ ನಿಲ್ಲಲಿಲ್ಲ.
ನೋಡಪ್ಪ, ನೀನು ಹೇಳಲಿಲ್ಲ, ನಾನು ಕೇಳಲಿಲ್ಲ.
ಮಕ್ಕಳೆಷ್ಟು?
ಇಬ್ಬರು ಸಾರ್.
ಅದೇ ಮತ್ತೆ.
ಡಬ್ಬಿಯನ್ನು ನನ್ನತ್ತ ಸರಿಸಿ ಮೊಹರು ಒತ್ತಿದರು.
ಅದು ಕರುಣೆಯೋ, ಮುನ್ನೂರು ರೂಪಾಯಿಯೋ,
ಮೊಹರಿನ ಸದ್ದಿನಲ್ಲಿ ಗೊತ್ತಾಗಲಿಲ್ಲ.

ಮೆಟ್ಟಿಲಲ್ಲಿ ನಿಂತು, ಹಾಳೆಯನ್ನು ಗೋಡೆಗೊತ್ತಿ,
ಲೋಡಿನ ಚೀಟಿ ಬರೆಯುವ ನೀಲಿ ಪೆನ್ನಿನಲ್ಲಿ
'ಇಲ್ಲ'ವನ್ನು ಹೊಡೆದೆ.
ಗೋಡೆ ಉಬ್ಬುತಗ್ಗು;
'ಹೌದು' ಸೊಟ್ಟಗೆ ಬಂತು.

ಕೌಂಟರಿನಾಕೆ ಹಾಳೆಯನ್ನು ಬೆಳಕಿಗೆ ಹಿಡಿದಳು.
ತಿದ್ದಿದ್ದು ನಡೆಯಲ್ಲ, ಬೇರೆ ತನ್ನಿ.
ಮೇಡಂ, ಈಗಿರೋದೇ ಸರಿ.
ಸರಿ ಇದ್ದಿದ್ರೆ ಯಾಕ್ರೀ ತಿದ್ತಿದ್ರಿ?
ಅವಳು ಹೇಳಿದ್ದೂ ನ್ಯಾಯವೇ.
ನನ್ನ ಹಿಂದೆ ನಿಂತವನು ಮೊಣಕೈಯಿಂದ ತಿವಿದ.

ಬಿ.ಎಂ. ರಸ್ತೆಯ ಬದಿ ಗಾಡಿ ನಿಂತಿತ್ತು.
ಸಾಹುಕಾರ್ರು ನಾಲ್ಕು ಸಲ ಫೋನ್ ಮಾಡಿದ್ದರು,
ಐದನೆಯದು ಜೇಬಿನಲ್ಲಿ ನಡುಗುತ್ತಿತ್ತು.
ಇದಾಯತ್ ಹಳೇ ಬನಿಯನ್ನಿನಲ್ಲಿ ಗಾಜು ಒರೆಸುತ್ತಿದ್ದ.
ಬಂಪರ್ ಸುತ್ತಿ ಹೋಗಿ
ಎಡಗಡೆ ಬಾಗಿಲು ತೆಗೆದೆ.
ಅಣ್ಣಾ, ಈ ಕಡೆ?

ಹತ್ತಿ ಕೂತೆ. ಸೀಟಿನ ರೆಕ್ಸಿನ್
ಅವನ ಮೈಯ ಆಕಾರಕ್ಕೆ ಕುಗ್ಗಿತ್ತು.
ಗಾಜಿನ ಮೇಲೆ, ಹಣೆ ತಾಗುವ ಎತ್ತರಕ್ಕೆ,
ಎಷ್ಟು ಒರೆಸಿದರೂ ಹೋಗದ ಒಂದು ಎಣ್ಣೆಕಲೆ.
ಸುಮ್ಮನೆ ಬಲಗಾಲು ಚಾಚಿದೆ.
ಇಲ್ಲಿ ಕೂತರೆ ಕಾಲಿಗೆ ಬ್ರೇಕು ಸಿಗುವುದಿಲ್ಲ.

ಎರಡು ವರ್ಷ
ಇವನು ಇಲ್ಲೇ ನಿದ್ದೆ ಮಾಡಿದ.